ಟ್ರಂಕಿನ ಸೀರೆ, ಉಡಿಯ ಖಣ, ಅಪ್ಪನ ಸಫಾರಿ: ಹಳೇ ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಹಳೇ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ತಗೊಳ್ಳುವ ಮೊದಲು ಇದನ್ನೊಮ್ಮೆ ಓದಿಬಿಡಿ.

ನನಗೆ ಬಟ್ಟೆ ಒಂದರ ಮೇಲೊಂದು ಹಾಕಿಕೊಳ್ಳುವುದೆಂದರೆ ಬಹಳ ಇಷ್ಟ. ತೆಳ್ಳನೆಯ ಖಾದಿ ಕುರ್ತಾ, ಅದರ ಮೇಲೆ ಖಣದ (ಕುಪ್ಪಸಕ್ಕೆಂದು ನೇಯ್ದ ಬಟ್ಟೆಯ) ತೋಳಿಲ್ಲದ ಜಾಕೆಟ್ಟು, ಚಳಿ ಇದ್ದರೆ ಅದರ ಮೇಲೆ ಹಳೇ ಇಳಕಲ್ ಸೀರೆಯಿಂದ ಹೊಲಿಸಿದ ಉದ್ದನೆಯ ಕೋಟು. ಬೆಂಗಳೂರಲ್ಲಿ ಡಿಸೆಂಬರ್ ಬೆಳಗ್ಗೆ ಮೂರೂ ಮೈಮೇಲಿರುತ್ತವೆ, ಮಧ್ಯಾಹ್ನಕ್ಕೆ ಒಂದು ಕಳಚಿ ಕುರ್ಚಿಗೆ ಹೋಗುತ್ತದೆ, ಸಂಜೆ ಮತ್ತೆ ಹೆಗಲಿಗೆ ಬರುತ್ತದೆ. ಅಲಮಾರಿನಲ್ಲಿ ಇರುವುದು ನಾಲ್ಕೈದೇ ಬಟ್ಟೆ, ಆದರೂ ಒಂದೇ ದಿನದಲ್ಲಿ ಮೂರು ಥರ ಕಾಣಬಹುದು. ಯಾರೂ ನೋಡದಿದ್ದರೂ ಪರವಾಗಿಲ್ಲ. ಕೋಟಿನ ಒಳಗೆ ಅಜ್ಜಿಯ ಸೀರೆಯ ಅಸ್ತರ್ ಇದೆ ಅನ್ನೋದು ನನಗೊಬ್ಬಳಿಗೆ ಗೊತ್ತಿದ್ದರೆ ಸಾಕು.

ಇದು ನಿನ್ನೆ ಮೊನ್ನೆಯ ಫ್ಯಾಷನ್ ಏನಲ್ಲ. ಕೊಡವರ ಕುಪ್ಯ ನೋಡಿ. ಒಳಗೆ ತುಂಬುತೋಳಿನ ಬಿಳಿ ಅಂಗಿ, ಮೇಲೆ ಮೊಣಕಾಲಿನ ತನಕ ಬರುವ ಅರ್ಧ ತೋಳಿನ ಕಪ್ಪು ಕುಪ್ಯ, ಸೊಂಟಕ್ಕೆ ಬಿಗಿದ ಕೆಂಪು ರೇಷ್ಮೆ ಚೇಲೆ. ಒಳಗಿನ ತೋಳು ಬೇಕೆಂದೇ ಹೊರಗೆ ಕಾಣುತ್ತದೆ. ಹಳೇ ಮೈಸೂರಿನ ಫೋಟೋಗಳಲ್ಲಿ ಮೇಷ್ಟ್ರುಗಳು ಕಚ್ಚೆ ಪಂಚೆ ಉಟ್ಟು, ಕ್ಲೋಸ್ ಕಾಲರ್ ಕೋಟು ತೊಟ್ಟು, ಹೆಗಲಿಗೆ ಶಲ್ಯ ಹಾಕಿ, ತಲೆಗೆ ಪೇಟ ಇಟ್ಟುಕೊಂಡು ಕೂತಿರುತ್ತಾರಲ್ಲ, ಅದೂ ಇದೇ.

ಒಂದು ನಿಯಮವನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಮೇಲಿನದನ್ನು ಯಾವಾಗ ಕಳಚಿದರೂ ಒಳಗಿರುವುದು ಪೂರ್ತಿ ಉಡುಪಾಗಿರಬೇಕು. ಜಾಕೆಟ್ಟಿನ ಕೆಳಗೆ ಹೇಗಿದ್ದರೇನು ಅಂತ ಮಾಸಿದ ಟೀ ಶರ್ಟ್ ಹಾಕಿದಿರೋ, ಬಿಸಿಲೇರಿದರೂ ಜಾಕೆಟ್ ಬಿಚ್ಚಲಾಗದೆ ಬೇಯುತ್ತಾ ಕೂರಬೇಕಾಗುತ್ತದೆ.

1. ಟ್ರಂಕು ಕೆಳಗಿಳಿಸಿ, ಬಟ್ಟೆ ಪರೀಕ್ಷಿಸಿ

ಹೊಸದೇನೂ ಕೊಳ್ಳುವ ಮುಂಚೆ ಮನೆಯಲ್ಲಿ ಇರುವುದನ್ನು ನೋಡಿ. ಉತ್ತರ ಕರ್ನಾಟಕದ ಮನೆಯಾದರೆ ಖಣಗಳ ಗಂಟು ಇದ್ದೇ ಇರುತ್ತದೆ. ಉಡಿ ತುಂಬುವಾಗ ತೆಂಗಿನಕಾಯಿ ಜೊತೆ ಕೊಟ್ಟ ಖಣಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಸುತ್ತುತ್ತಾ ಇರುತ್ತವೆ, ಹೊಲಿಸುವವರು ಮಾತ್ರ ಕಡಿಮೆ. ಮೈಸೂರು ಕಡೆಯಾದರೆ ಹಳೇ ರೇಷ್ಮೆ ಸೀರೆ, ಜರಿ ಅಂಚಿನ ಪಂಚೆ, ಶಲ್ಯ ಸಿಗಬಹುದು. ಅಪ್ಪನ ಸಫಾರಿ ಸೂಟನ್ನೂ ಬಿಡಬೇಡಿ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಿರಿ. ನೂಲು ಸರಿದು ಜಾಲರಿಯಂತೆ ಕಂಡರೆ ಆ ಭಾಗ ಮುಗಿದಿದೆ ಅಂತ ಅರ್ಥ. ಆಮೇಲೆ ಮಡಿಕೆಯ ಗೆರೆ ನೋಡಿ. ವರ್ಷಗಟ್ಟಲೆ ಒಂದೇ ರೀತಿ ಮಡಿಚಿಟ್ಟ ರೇಷ್ಮೆ ಮೊದಲು ಸೀಳುವುದೇ ಅಲ್ಲಿ. ಎರಡು ಹೆಬ್ಬೆರಳನ್ನು ಅಕ್ಕಪಕ್ಕ ಇಟ್ಟು ನಿಧಾನವಾಗಿ ಎಳೆಯಿರಿ. "ಚರ್" ಅಂದರೆ ಆ ಬಟ್ಟೆಯಿಂದ ಕೋಟು ಆಗುವುದಿಲ್ಲ. ಅಂಚನ್ನು ಬಿಡಿಸಿಕೊಂಡು ಪಟ್ಟಿಗೋ ಪೈಪಿಂಗಿಗೋ ಇಟ್ಟುಕೊಳ್ಳಿ. ಎಳೆತ ತಡೆದರೆ ಮುಂದಕ್ಕೆ ಹೋಗೋಣ.

ಬಟ್ಟೆ ಯಾವುದು ಅಂತ ಅನುಮಾನ ಇದ್ದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು, ಸಿಂಕಿನ ಮೇಲೆ ಹಿಡಿದು ಸುಟ್ಟು ನೋಡಿ. ಹತ್ತಿ ಸುಟ್ಟರೆ ಕಾಗದ ಸುಟ್ಟ ವಾಸನೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇದು ಸುಮ್ನೆ ಕುತೂಹಲಕ್ಕಲ್ಲ. ಪಾಲಿಯೆಸ್ಟರ್ ಮೈಗೆ ತಾಗಿದರೆ ಬೆವರು, ಹೊರಗಿದ್ದರೆ ತೊಂದರೆ ಇಲ್ಲ. ಹಾಗಾಗಿ ಯಾವುದು ಎಲ್ಲಿ ಕೂರಬೇಕು ಅನ್ನೋದು ಇಲ್ಲೇ ತೀರ್ಮಾನ ಆಗುತ್ತದೆ.

ಬಣ್ಣ ಬಿಡುತ್ತದೋ ಇಲ್ಲವೋ ನೋಡಲು ಒದ್ದೆ ಬಿಳಿ ಬಟ್ಟೆಯನ್ನು ಮೇಲಿಟ್ಟು ಇಸ್ತ್ರಿ ಮಾಡಿ. ಬಿಳಿ ಬಟ್ಟೆ ಕೆಂಪಾದರೆ ಆ ಸೀರೆಯ ಕೆಳಗೆ ಬಿಳಿ ಕುರ್ತಾ ಹಾಕುವ ಆಸೆ ಬಿಡಿ.

2. ಇಳಕಲ್ ಸೀರೆಗೆ ಕತ್ತರಿ ಹಾಕುವ ಮುನ್ನ

ಇದಕ್ಕೆ ಬೇರೆಯೇ ಜಾಗ ಕೊಡಬೇಕು. ಇಳಕಲ್ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿಯ ಹಾಸು (ಉದ್ದಕ್ಕೆ ಬರುವ ಎಳೆ), ಸೆರಗು ರೇಷ್ಮೆಯ ಹಾಸು. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕುಣಿಕೆ ಹಾಕಿ ಜೋಡಿಸುತ್ತಾರೆ, ಅದಕ್ಕೇ ತೋಪ ತೆನಿ ಸೆರಗು ಅನ್ನುವುದು. ಸೀರೆಯನ್ನು ತಿರುಗಿಸಿ ಒಡಲೂ ಸೆರಗೂ ಸೇರುವ ಜಾಗದಲ್ಲಿ ಬೆರಳಾಡಿಸಿದರೆ ಸಣ್ಣ ಸಣ್ಣ ಗಂಟುಗಳ ಸಾಲು ಕೈಗೆ ಸಿಗುತ್ತದೆ. ಆ ಸಾಲಿನ ಹತ್ತಿರ ಕತ್ತರಿ ತರಬೇಡಿ. ಎರಡೂ ಕಡೆ ಮೂರು ನಾಲ್ಕು ಇಂಚು ಬಿಟ್ಟು ಕತ್ತರಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಸೀರೆ ಗಟ್ಟಿಯಾಗಿದ್ದರೆ ಕತ್ತರಿಸಲೇಬೇಡಿ. ಹಾಗೇ ಉಟ್ಟು ಮೇಲೆ ಜಾಕೆಟ್ ಹಾಕಿ. ಒಡಲು ಹರಿದು ಸೆರಗು ಚೆನ್ನಾಗಿರುವ ಸೀರೆಗಳೇ ಎಷ್ಟೋ ಇರುತ್ತವೆ. ಮೊದಲು ಸವೆಯುವುದು ನೆಲಕ್ಕೆ ಉಜ್ಜುವ ಅಂಚು ಮತ್ತು ನೆರಿಗೆಯ ಜಾಗ. ಅಂಥದ್ದನ್ನು ಕೋಟಿಗೆ ತಗೊಳ್ಳಿ. ಆ ಕೆಂಪು ಸೆರಗು, ಅದರ ಮೇಲಿನ ಬಿಳಿ ತೆನೆ ಮತ್ತು ಕೋಟೆ ಕೊಮ್ಮೆಯ ಚಿತ್ರಗಳು ಬೆನ್ನಿಗೆ ಬರುವ ಹಾಗೆ ಹೊಲಿಸಿ. ಮುಂದೆ ಇಟ್ಟರೆ ಗುಂಡಿ ಪಟ್ಟಿ ಬಂದು ವಿನ್ಯಾಸ ಎರಡು ಹೋಳಾಗುತ್ತದೆ, ಬೆನ್ನಿನಲ್ಲಿ ಇಡಿಯಾಗಿ ಕೂರುತ್ತದೆ.

ಸೀರೆಯಲ್ಲಿ ಕಸೂತಿ ಇದ್ದರೆ ಇನ್ನೂ ಹುಷಾರು. ಗವಂತಿ, ಮುರ್ಗಿ ಹೊಲಿಗೆಗಳನ್ನು ಗಂಟು ಹಾಕದೆ, ಎಳೆ ಎಣಿಸಿ ಹಾಕಿರುತ್ತಾರೆ. ನಡುವೆ ಕತ್ತರಿಸಿದರೆ ದಾರ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಕಸೂತಿಯ ಗೋಪುರ, ತೇರು ಏನಿದ್ದರೂ ಇಡಿಯಾಗಿ ಉಳಿಯುವಂತೆ ಸುತ್ತ ಜಾಗ ಬಿಟ್ಟು ತೆಗೆಯಿರಿ.

3. ಒಳಪದರ: ತೆಳ್ಳಗೆ, ಸಾದಾ, ಹತ್ತಿ

ಇದರಲ್ಲಿ ಜಾಸ್ತಿ ತಲೆಕೆಡಿಸಿಕೊಳ್ಳುವುದು ಬೇಡ. ಮಲ್ ಬಟ್ಟೆ ಅಥವಾ ತೆಳು ಖಾದಿಯ ಕುರ್ತಾ, ಅಂಗಿ. ಬಿಳಿ, ಕೆನೆ, ಬೂದು, ನೀಲಿ, ಹೀಗೆ ಸಾದಾ ಬಣ್ಣ. ಬೆವರನ್ನೆಲ್ಲ ಹೀರುವುದು ಇದೇ, ದಿನಾ ಒಗೆಯುವುದೂ ಇದನ್ನೇ. ಹಾಗಾಗಿ ಹಳೇ ಅಮೂಲ್ಯ ಬಟ್ಟೆಯಿಂದ ಒಳಪದರ ಹೊಲಿಸಬೇಡಿ, ಮೂರು ತಿಂಗಳಿಗೆ ಕಂಕುಳಲ್ಲಿ ಹರಿಯುತ್ತದೆ. ಹಳೆಯದು ಯಾವಾಗಲೂ ಹೊರಗೆ, ಹೊಸದು ಒಳಗೆ.

ಕಾಲರ್ ಬಗ್ಗೆ ಒಂದು ಮಾತು. ಮೇಲಿನ ಜಾಕೆಟ್ಟಿಗೆ ಕಾಲರ್ ಇದ್ದರೆ ಒಳಗಿನದಕ್ಕೆ ಬೇಡ. ಎರಡಕ್ಕೂ ಇದ್ದರೆ ಕತ್ತಿನ ಹತ್ತಿರ ಜಗಳ.

4. ನಡುವಿನ ಜಾಕೆಟ್ಟು, ಮತ್ತು ಟೈಲರ್ ಜೊತೆ ಮಾತುಕತೆ

ಇಡೀ ಆಟ ಇರುವುದು ಇಲ್ಲೇ. ತೋಳಿಲ್ಲದ ಒಂದು ಜಾಕೆಟ್ಟು ಸರಿಯಾಗಿ ಕೂತರೆ ಕುರ್ತಾ, ಸೀರೆ, ಪ್ಯಾಂಟು, ಲಂಗ ಯಾವುದರ ಮೇಲೂ ನಡೆಯುತ್ತದೆ.

ಬಟ್ಟೆ: ಗುಳೇದಗುಡ್ಡದ ಖಣಕ್ಕೆ ನನ್ನ ಮೊದಲ ಮತ. ಹೊಳಪಿದೆ, ಗಟ್ಟಿ ಇದೆ, ತೇರು, ಆನೆ ಹೆಜ್ಜೆ, ಸೂರ್ಯನಾರಾಯಣ ಅಂತ ಚಿತ್ರಗಳಿವೆ. ಆದರೆ ಕುಪ್ಪಸಕ್ಕೆಂದೇ ನೇಯುವ ಬಟ್ಟೆಯಾದ್ದರಿಂದ ಪನ್ನ (ಅಗಲ) ಕಡಿಮೆ. ಮಾಮೂಲಿ 44 ಇಂಚು ಪನ್ನದ ಬಟ್ಟೆಯಲ್ಲಿ ಸೊಂಟದ ತನಕದ ಜಾಕೆಟ್ಟಿಗೆ ಒಂದೂವರೆ ಮೀಟರ್ ಸಾಕು, ಖಣಕ್ಕೆ ಎರಡು ಎರಡೂವರೆ ಮೀಟರ್ ಲೆಕ್ಕ ಹಾಕಿ. ಉಡಿಯ ಖಣಗಳು ಒಂದು ಕುಪ್ಪಸಕ್ಕಾಗುವಷ್ಟೇ ಇರುತ್ತವೆ. ಎರಡು ಮೂರು ಖಣ ಸೇರಿಸಿ, ಬೆನ್ನಿಗೆ ಒಂದು, ಎದೆಗೆ ಒಂದು, ಜೇಬಿಗೆ ಒಂದು ಹಾಕಿದರೆ ಇನ್ನೂ ಚೆಂದ. ಅಂಗಡಿಯಲ್ಲಿ ಕೊಳ್ಳುವುದಾದರೆ ಅಲ್ಲೇ ಕೇಳಿ, ಈಗ ಖಣದ ವಿನ್ಯಾಸದ ಪಾಲಿಯೆಸ್ಟರ್ ಬಟ್ಟೆಯೂ ಖಣ ಅಂತಲೇ ಮಾರಾಟ ಆಗುತ್ತದೆ.

ಅಸ್ತರ್: ಟು ಬೈ ಟು ಅನ್ನುವ ತೆಳು ಹತ್ತಿ ಬಟ್ಟೆ ಅಥವಾ ಮೆತ್ತಗಾದ ಹಳೇ ಹತ್ತಿ ಸೀರೆ. ಹೊಸ ಅಸ್ತರ್ ಆದರೆ ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಟೈಲರಿಗೆ ಕೊಡಿ. ಇದನ್ನು ತಪ್ಪಿಸಿದರೆ ಏನಾಗುತ್ತದೆ ಗೊತ್ತಾ? ಮೊದಲ ಒಗೆತದಲ್ಲಿ ಒಳಗಿನ ಹತ್ತಿ ಕುಗ್ಗುತ್ತದೆ, ಹೊರಗಿನ ಖಣ ಹಾಗೇ ಇರುತ್ತದೆ, ಜಾಕೆಟ್ಟಿನ ಅಂಚೆಲ್ಲ ಹಪ್ಪಳದ ಥರ ಉಬ್ಬಿಕೊಳ್ಳುತ್ತದೆ. ಇಸ್ತ್ರಿ ಎಷ್ಟು ಉಜ್ಜಿದರೂ ಸರಿಹೋಗಲ್ಲ.

ಅಳತೆ: ಬ್ಲೌಸ್ ಅಳತೆ ಕೊಟ್ಟು ಬರಬೇಡಿ. ಒಳಗೆ ಏನು ಹಾಕಿಕೊಳ್ಳುತ್ತೀರೋ ಆ ಕುರ್ತಾ ತೊಟ್ಟೇ ಅಂಗಡಿಗೆ ಹೋಗಿ, ಅದರ ಮೇಲೆಯೇ ಟೇಪು ಇಡಿಸಿ. ಕುರ್ತಾದ ಎದೆಯ ಸುತ್ತಳತೆಗಿಂತ ಜಾಕೆಟ್ಟು ಕಡಿಮೆಯೆಂದರೂ 2 ಇಂಚು ಜಾಸ್ತಿ ಇರಲಿ. ಅದರ ಮೇಲೆ ಬರುವ ಕೋಟಿಗೆ ಇನ್ನೂ 2 ಇಂಚು. ಬಗಲು (ತೋಳು ಹಾಯುವ ಜಾಗ) ಒಳಗಿನದಕ್ಕಿಂತ ಅರ್ಧದಿಂದ ಒಂದು ಇಂಚು ಇಳಿದಿರಬೇಕು. ಎದೆ ಸಡಿಲ ಬಿಟ್ಟು ಬಗಲು ಬಿಗಿ ಮಾಡುವುದೇ ಜಾಸ್ತಿ ಆಗುವ ಎಡವಟ್ಟು, ಆಗ ಕುರ್ತಾ ಕಂಕುಳಲ್ಲಿ ಮುದ್ದೆಯಾಗುತ್ತದೆ, ಬಸ್ಸಿನ ಕಂಬಿ ಹಿಡಿಯಲು ಕೈ ಎತ್ತಿದರೆ ಜಾಕೆಟ್ಟೂ ಜೊತೆಗೇ ಏಳುತ್ತದೆ. ಟ್ರಯಲ್ ನೋಡುವಾಗ ಕನ್ನಡಿ ಮುಂದೆ ಸುಮ್ಮನೆ ನಿಲ್ಲಬೇಡಿ. ಎರಡೂ ಕೈ ಎತ್ತಿ, ಮುಂದಕ್ಕೆ ಚಾಚಿ, ಕುರ್ಚಿ ಮೇಲೆ ಕೂತು ನೋಡಿ.

ಉದ್ದ: ಎರಡು ಪದರಗಳ ತುದಿ ಹತ್ತಿರ ಹತ್ತಿರ ಬಂದರೆ ಒಳಲಂಗ ಇಣುಕಿದ ಹಾಗೆ, ಅರಿವಿಲ್ಲದೆ ಆದದ್ದರಂತೆ ಕಾಣುತ್ತದೆ. ಕನಿಷ್ಠ 4 ಇಂಚು ವ್ಯತ್ಯಾಸ ಇರಲಿ. ಕುರ್ತಾ ಮೊಣಕಾಲಿಗೆ ಬಂದರೆ ಜಾಕೆಟ್ಟು ಸೊಂಟಕ್ಕೆ ನಿಲ್ಲಲಿ. ಜಾಕೆಟ್ಟು ಉದ್ದ ಬೇಕೆಂದರೆ ಒಳಗೆ ಗಿಡ್ಡ ಅಂಗಿ ಹಾಕಿ.

ಜೇಬು: ಹಟ ಹಿಡಿದು ಹಾಕಿಸಿ. ನಮ್ಮ ಟೈಲರ್ ಪ್ರತಿ ಸಲ "ಮೇಡಂ, ಲೇಡೀಸ್ ಜಾಕೆಟ್ಟಿಗೆ ಜೇಬು ಯಾಕೆ, ಲುಕ್ ಹೋಗುತ್ತೆ" ಅಂತಾರೆ. "ಲುಕ್ ಹೋಗ್ಲಿ ಮಾಸ್ಟರ್, ಫೋನ್ ಎಲ್ಲಿಡ್ಲಿ?" ಅಂದರೆ ನಗುತ್ತಾ ಹಾಕಿಕೊಡುತ್ತಾರೆ. ಹೊರಗೆ ಎರಡು, ಒಳಗೆ ಅಸ್ತರಿನಲ್ಲಿ ಒಂದು. ಒಳಗಿನದನ್ನು ಹಳೇ ಬಟ್ಟೆಯಿಂದ ಮಾಡಿಸಬೇಡಿ, ಫೋನಿನ ಭಾರಕ್ಕೆ ಹರಿಯುತ್ತದೆ.

ಮೊದಲ ಸಲ ಕಚ್ಚಾ ಹೊಲಿಗೆ ಹಾಕಿಸಿಯೇ ಟ್ರಯಲ್ ನೋಡಿ. ಹಳೇ ಬಟ್ಟೆಯಲ್ಲಿ ಮೆಷಿನ್ ಹೊಲಿಗೆ ಬಿಚ್ಚಿದರೆ ಸೂಜಿಯ ತೂತುಗಳು ಹಾಗೇ ಉಳಿದುಬಿಡುತ್ತವೆ.

5. ಹೊರಪದರ: ಕೋಟು, ಕೌದಿ, ಕಂಬಳಿ, ಶಾಲು

ಉದ್ದನೆಯ ತೆರೆದ ಕೋಟಿಗೆ ಸೀರೆಯ ಮೂರು ಮೀಟರ್ ಹಿಡಿಯುತ್ತದೆ. ಗುಂಡಿ ಬೇಡ, ಒಂದು ಲಾಡಿ ಇದ್ದರೆ ಸಾಕು. ಸೀರೆಯ ದಡಿಯನ್ನು ಮುಂದಿನ ಎರಡು ಅಂಚಿಗೆ ಬರುವಂತೆ ಇಟ್ಟರೆ ಹೆಮ್ಮಿಂಗ್ ಕೆಲಸವೂ ಉಳಿಯುತ್ತದೆ, ನೇಯ್ದ ಅಂಚಾದ್ದರಿಂದ ಅದು ಬಿಚ್ಚಿಕೊಳ್ಳುವುದಿಲ್ಲ.

ಕೌದಿಯಿಂದ ಕೋಟು ಮಾಡಿಸುವ ಆಸೆ ಈಗ ಬಹಳ ಜನಕ್ಕಿದೆ. ಹಳೇ ಸೀರೆಗಳ ತುಂಡುಗಳನ್ನು ಪದರ ಪದರವಾಗಿ ಇಟ್ಟು ಕೈಯಿಂದ ಸಾಲು ಹೊಲಿಗೆ ಹಾಕಿದ ಬಟ್ಟೆ ಅದು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೌದಿಗಳ ಬಣ್ಣ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಹೊದೆಯುವ ಕೌದಿಯನ್ನು ಕತ್ತರಿಸಿ ಕೋಟು ಮಾಡಿಸುವುದು ನನಗೆ ಒಪ್ಪಿಗೆ ಇಲ್ಲ. ಒಂದು, ಅದು ತೀರಾ ಭಾರ. ಇನ್ನೊಂದು, ಕತ್ತರಿ ಬಿದ್ದ ಕಡೆಯೆಲ್ಲ ಸಾಲು ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಕೋಟಿಗೆ ಅಂತಲೇ ಎರಡೇ ಪದರದ ಕೌದಿ ಹೊಲಿಸಿ. ಕತ್ತರಿಸುವ ಗೆರೆಯ ಎರಡೂ ಪಕ್ಕ ಮೊದಲು ಮೆಷಿನ್ ಹೊಲಿಗೆ ಓಡಿಸಿ, ಆಮೇಲೆ ಕತ್ತರಿಸಿ, ಅಂಚಿಗೆ ಪಟ್ಟಿ ಕಟ್ಟಿಸಿ.

ಕಂಬಳಿ ಬೆಚ್ಚಗಿರುತ್ತದೆ, ಸಣ್ಣ ತುಂತುರನ್ನೂ ತಡೆಯುತ್ತದೆ. ಆದರೆ ಚುಚ್ಚುತ್ತದೆ, ನೆನೆದರೆ ಕುರಿ ವಾಸನೆ ಬರುತ್ತದೆ. ನೇಯುವಾಗ ಹುಣಸೆ ಬೀಜದ ಗಂಜಿ ಹಾಕಿರುವುದರಿಂದ ಹೊಸದರಲ್ಲಿ ಹಲಗೆಯಂತೆ ನಿಂತಿರುತ್ತದೆ. ತೋಳಿಲ್ಲದ ಜಾಕೆಟ್ಟು ಮಾಡಿಸಿ, ಕತ್ತಿನ ಹತ್ತಿರ ಹತ್ತಿ ಪಟ್ಟಿ ಹಾಕಿಸಿದರೆ ಮಡಿಕೇರಿ, ಸಕಲೇಶಪುರದ ಚಳಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಶಾಲು, ಶಲ್ಯ ಹಾಕಿ ಸ್ಕೂಟರ್ ಓಡಿಸುವವರು ತುದಿಗಳನ್ನು ಜಾಕೆಟ್ಟಿನೊಳಗೆ ಸಿಕ್ಕಿಸಿ, ಅಥವಾ ಬಿಚ್ಚಿ ಡಿಕ್ಕಿಯಲ್ಲಿಡಿ. ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಕತ್ತಿಗೇ ಬರುತ್ತದೆ. ಉದ್ದ ಕೋಟಿನ ತುದಿಗೂ ಇದೇ ಮಾತು.

6. ಅಪ್ಪನ ಸಫಾರಿ ಮತ್ತು ಗಂಡಸರ ವಿಷಯ

ಗಂಡಸರಿಗೆ ಇದೆಲ್ಲ ಆಗಲ್ಲ ಅಂತ ಯಾರಂದರು? ಎಪ್ಪತ್ತು ಎಂಬತ್ತರ ದಶಕದ ಟೆರಿಲಿನ್, ಟೆರಿಕಾಟ್ (ಪಾಲಿಯೆಸ್ಟರ್ ಇರುವ) ಅಂಗಿಗಳು ಇವತ್ತಿಗೂ ಸುಕ್ಕಾಗದೆ ಬಿದ್ದಿವೆ. ಗುಂಡಿ ಹಾಕಿ ತೊಟ್ಟರೆ ಬೆವರಿ ಸಾಯುತ್ತೀರಿ. ಗುಂಡಿ ಬಿಚ್ಚಿ ಹತ್ತಿಯ ಸಾದಾ ಟೀ ಶರ್ಟ್ ಮೇಲೆ ಹಾಕಿ. ಸಫಾರಿಯ ಮೇಲಂಗಿಯೂ ಅಷ್ಟೇ, ಅದರ ಜೋಡಿ ಪ್ಯಾಂಟನ್ನು ಮಾತ್ರ ಒಟ್ಟಿಗೆ ಹಾಕಬೇಡಿ, ನಿವೃತ್ತ ಸೂಪರಿಂಟೆಂಡೆಂಟ್ ಥರ ಕಾಣುತ್ತೀರಿ. ಭುಜದ ಹೊಲಿಗೆ ನಿಮ್ಮ ಭುಜಕ್ಕೆ ಸರಿಯಾಗಿ ಕೂತರೆ ಉಳಿದದ್ದನ್ನು ಆಲ್ಟ್ರೇಷನ್ ಮಾಡಿಸಬಹುದು. ಭುಜ ಇಳಿದಿದ್ದರೆ ಬಿಟ್ಟುಬಿಡಿ, ಅದನ್ನು ಸರಿಪಡಿಸುವುದು ಹೊಸದು ಹೊಲಿದಷ್ಟೇ ಕೆಲಸ. ಕೈಗೆ ಮನೆಯಲ್ಲಿರುವ ಹಳೇ ಎಚ್‌ಎಂಟಿ ವಾಚು ಕಟ್ಟಿ, ತೋಳನ್ನು ಎರಡು ಮಡಿಕೆ ಮಡಿಚಿ. ಪಂಚೆ ಮೇಲೆ ಖಾದಿ ಜುಬ್ಬಾ, ಅದರ ಮೇಲೆ ಖಣದ ವೇಸ್ಟ್‌ಕೋಟು ಮದುವೆಮನೆಗೂ ಒಪ್ಪುತ್ತದೆ.

7. ಬಣ್ಣ ಹೊಂದಿಸುವುದು

ಒಂದು ಸಲಕ್ಕೆ ಒಂದೇ ಬಟ್ಟೆ ಮಾತಾಡಲಿ. ಖಣ ಗದ್ದಲ ಮಾಡುತ್ತಿದ್ದರೆ ಉಳಿದ ಎರಡು ಸಾದಾ ಇರಲಿ. ಇನ್ನೂ ಸುಲಭದ ದಾರಿ ಅಂದರೆ ಹಳೇ ಬಟ್ಟೆಯ ದಡಿಯಲ್ಲಿರುವ ಒಂದು ಸಣ್ಣ ಬಣ್ಣ ಹಿಡಿದು, ಒಳಪದರಕ್ಕೆ ಅದೇ ಬಣ್ಣ ಹಾಕಿ. ನೇಕಾರರು ಆಗಲೇ ಹೊಂದಿಸಿಕೊಟ್ಟಿದ್ದಾರೆ, ನಾವು ಮತ್ತೆ ತಲೆ ಓಡಿಸುವುದು ಯಾಕೆ? ಚೌಕಳಿ ಮೇಲೆ ಚೌಕಳಿ ಹಾಕುವ ಆಸೆ ಇದ್ದರೆ ಒಂದು ದೊಡ್ಡ ಚೌಕ, ಇನ್ನೊಂದು ತೀರಾ ಸಣ್ಣದು ಇರಲಿ.

8. ಊರಿನ ಹವಾಮಾನ ನೋಡಿಕೊಂಡು

ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿಗೆ ಮೂರು ಪದರ ಹೇಳಿ ಮಾಡಿಸಿದ್ದು. ಬೆಳಗಿನ ಚಳಿ, ಮಧ್ಯಾಹ್ನದ ಬಿಸಿಲು, ಮೆಟ್ರೋ ಎಸಿ, ಸಂಜೆ ಮಳೆ ಎಲ್ಲವೂ ಒಂದೇ ದಿನ ಸಿಗುತ್ತವೆ. ಧಾರವಾಡ, ಬೆಳಗಾವಿಯ ಮಳೆಗಾಲಕ್ಕೂ ನಡೆಯುತ್ತದೆ. ಮಂಗಳೂರು, ಉಡುಪಿಯ ಸೆಖೆಗೆ ಮೂರನೆಯದನ್ನು ಮರೆತುಬಿಡಿ, ಎರಡೂ ತೆಳು ಹತ್ತಿಯೇ ಇರಲಿ, ಅಸ್ತರ್ ಬೇಡ. ಕಲಬುರಗಿಯ ಮೇ ತಿಂಗಳಲ್ಲಿ ಇದನ್ನೆಲ್ಲ ಪ್ರಯತ್ನಿಸುವವರಿಗೆ ನನ್ನ ನಮಸ್ಕಾರ.

ವಿದೇಶದ ಚಳಿಯಲ್ಲಿ ಇರುವವರಿಗೆ ಇದು ಇನ್ನೂ ಉಪಯೋಗ. ಬ್ಲೌಸ್ ಬದಲು ಕತ್ತು ಮುಚ್ಚುವ ಉಣ್ಣೆಯ ಟಾಪ್, ಲಂಗದ ಕೆಳಗೆ ಥರ್ಮಲ್, ಮೇಲೆ ಇಳಕಲ್ ಸೀರೆ, ಅದರ ಮೇಲೆ ಕೋಟು. ದೀಪಾವಳಿಗೆ ನಡುಗುತ್ತಾ ಫೋಟೋ ತೆಗೆಸಿಕೊಳ್ಳುವುದು ತಪ್ಪುತ್ತದೆ.

9. ಒಗೆಯುವುದು, ಎತ್ತಿಡುವುದು

ಜಾಕೆಟ್ಟು, ಕೋಟುಗಳನ್ನು ಹಾಕಿದಾಗಲೆಲ್ಲ ಒಗೆಯಬೇಡಿ. ಬೆವರು ಒಳಪದರಕ್ಕೆ ಹೋಗಿರುತ್ತದೆ, ಇವನ್ನು ರಾತ್ರಿ ಹ್ಯಾಂಗರಿಗೆ ಹಾಕಿ ಗಾಳಿಗೆ ಬಿಟ್ಟರೆ ಸಾಕು. ಒಗೆಯಲೇಬೇಕಾದಾಗ ಅಂಟುವಾಳಕಾಯಿ ನೆನೆಸಿದ ತಣ್ಣೀರಲ್ಲಿ ಕೈಯಿಂದ ಅದುಮಿ ತೆಗೆಯಿರಿ. ಹಿಂಡಬೇಡಿ. ಇಳಕಲ್ ಸೆರಗುಗಳಲ್ಲಿ ಎಷ್ಟೋ ಆರ್ಟ್ ಸಿಲ್ಕಿನವು (ಕೃತಕ ರೇಷ್ಮೆ), ಅದು ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ.

ಜರಿ ಇರುವುದಕ್ಕೆ ನುಸಿಗುಳಿಗೆ ತಾಗಿಸಬೇಡಿ, ಕಪ್ಪಾಗುತ್ತದೆ. ಒಣಗಿದ ಬೇವಿನ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗಿಡಿ. ಕಬ್ಬಿಣದ ಟ್ರಂಕಾದರೆ ತಳಕ್ಕೆ ಹಳೇ ಬಿಳಿ ಪಂಚೆ ಹಾಸಿ, ಇಲ್ಲದಿದ್ದರೆ ತುಕ್ಕಿನ ಕಲೆ. ಮಳೆಗಾಲ ಮುಗಿದ ಮೇಲೆ ಎಲ್ಲವನ್ನೂ ಹೊರತೆಗೆದು ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆಯ ಗೆರೆ ಬದಲಿಸಿ ಮತ್ತೆ ಇಡಿ. ಹಟ ಹಿಡಿದು ಹಾಕಿಸಿದ ಆ ಜೇಬುಗಳನ್ನು ಒಳಗು ಹೊರಗು ಮಾಡಿ ಕೊಡವಿ. ಅದರಲ್ಲಿ ಉಳಿದ ಬಿಸ್ಕತ್ತಿನ ಪುಡಿಗೆ ಬಂದ ಜಿರಲೆ ಖಣವನ್ನೂ ರುಚಿ ನೋಡದೆ ಹೋಗುವುದಿಲ್ಲ.